ಚಿಕ್ಕ ಮನೆಗೆ ಸದ್ದು ಕಡಿಮೆಯ ಚಿಮಣಿ: ಅಂಗಡಿಗೆ ಹೋಗುವ ಮೊದಲು ಗೋಡೆ ನೋಡಿ

ಗೃಹಪ್ರವೇಶದ ಸೀಸನ್ ಶುರುವಾಯಿತು ಅಂದರೆ ನನಗೆ ಬರುವ ಪ್ರಶ್ನೆ ಒಂದೇ: ‘ಸದ್ದು ಮಾಡದೇ ಇರೋ ಚಿಮಣಿ ಯಾವ ಕಂಪನಿದು?’ ಕೇಳುವವರಲ್ಲಿ ಹೆಚ್ಚಿನವರು ತುಮಕೂರಿನಲ್ಲಿ 20×30 ಅಥವಾ 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡವರು. ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲಿರುವುದಿಲ್ಲ. ಚಿಮಣಿ ಹಾಕಿದರೆ ಟಿವಿ ಕೇಳಿಸುವುದಿಲ್ಲ, ಪರೀಕ್ಷೆಗೆ ಓದುವ ಮಕ್ಕಳು ಗೊಣಗುತ್ತಾರೆ. ಆಫ್ ಮಾಡಿದರೆ ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ.

ಒಂದು ಕಂಪನಿ ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಅದೇ ಕಂಪನಿಯ ಅದೇ ಮಾಡೆಲ್ ಒಂದು ಮನೆಯಲ್ಲಿ ಸೀಲಿಂಗ್ ಫ್ಯಾನಿನ ಹಾಗೆ ಮೆಲ್ಲಗೆ ಓಡುತ್ತದೆ, ಪಕ್ಕದ ಮನೆಯಲ್ಲಿ ಮಿಕ್ಸಿಯ ಹಾಗೆ ಅರಚುತ್ತದೆ. ವ್ಯತ್ಯಾಸ ಇರುವುದು ಪೈಪಿನಲ್ಲಿ, ಗೋಡೆಯ ತೂತಿನಲ್ಲಿ, ನೀವು ಓಡಿಸುವ ಸ್ಪೀಡಿನಲ್ಲಿ. ಅದಕ್ಕೇ ಇಲ್ಲಿ ಅಂಗಡಿಯ ಮಾತು ಬರುವುದು ಕೊನೆಯ ಕಡೆಗೆ. ಮೊದಲು ಒಂದು ಅಳತೆ ಟೇಪು, ಪೆನ್ಸಿಲ್, ಹಾಳೆ ತಗೊಂಡು ನಿಮ್ಮ ಅಡುಗೆಮನೆಗೇ ಬನ್ನಿ.

1. ಅಡುಗೆಮನೆ ಮತ್ತು ಒಲೆ ಅಳೆದುಕೊಳ್ಳಿ

ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಬರೆದುಕೊಳ್ಳಿ. ಹಾಲ್‌ಗೆ ತೆರೆದುಕೊಂಡ ಅಡುಗೆಮನೆಯಾದರೆ ಹಾಗಂತ ಪಕ್ಕದಲ್ಲಿ ಗುರುತು ಹಾಕಿ. ಆಮೇಲೆ ಒಲೆಯ ಅಗಲ. ಎರಡು ಬರ್ನರ್ ಒಲೆಗೆ 60 ಸೆಂಟಿಮೀಟರ್ ಚಿಮಣಿ ಸಾಕು. ಮೂರು, ನಾಲ್ಕು ಬರ್ನರ್ ಇದ್ದರೆ 75 ಅಥವಾ 90 ಬೇಕು. ಚಿಮಣಿಯ ಅಗಲ ಒಲೆಗಿಂತ ಕಡಿಮೆ ಇದ್ದರೆ ಅಂಚಿನ ಬರ್ನರ್‌ನ ಹೊಗೆ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ನೀವು ಸ್ಪೀಡ್ ಏರಿಸುತ್ತೀರಿ, ಸದ್ದೂ ಏರುತ್ತದೆ.

ಎತ್ತರದ ಲೆಕ್ಕವನ್ನೂ ಈಗಲೇ ಮಾಡಿ. ಒಲೆಯ ಮೇಲಿನಿಂದ ಚಿಮಣಿಯ ಕೆಳಅಂಚಿಗೆ ಸಾಮಾನ್ಯವಾಗಿ 26ರಿಂದ 30 ಇಂಚು ಬಿಡುತ್ತಾರೆ. ನಿಮ್ಮ ಮಾಡೆಲ್‌ನ ಪುಸ್ತಿಕೆಯಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ಅಡುಗೆಕಟ್ಟೆ 32 ಇಂಚು, ಒಲೆ 5 ಇಂಚು, ನಡುವಿನ ಜಾಗ 28 ಇಂಚು ಅಂತಿಟ್ಟುಕೊಳ್ಳಿ. ಒಟ್ಟು 65 ಇಂಚು, ಅಂದರೆ ನೆಲದಿಂದ ಐದು ಅಡಿ ಐದು ಇಂಚು. ಮನೆಯಲ್ಲಿ ಅದಕ್ಕಿಂತ ಎತ್ತರದವರು ಅಡುಗೆ ಮಾಡುವುದಿದ್ದರೆ ಹಣೆ ಬಡಿಯುವುದು ಗ್ಯಾರಂಟಿ. ಅಂಥವರಿಗೆ ಮುಂಭಾಗ ಓರೆಯಾಗಿರುವ ಮಾದರಿ ವಾಸಿ.

2. ಪೈಪಿನ ದಾರಿ ಗೊತ್ತು ಮಾಡಿ

ಎಲ್ಲದಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಚಿಮಣಿ ಎಳೆದ ಹೊಗೆಯನ್ನು ಮನೆಯಿಂದ ಹೊರಗೆ ಒಯ್ಯುವ ಕೊಳವೆಗೆ ಡಕ್ಟ್ ಅನ್ನುತ್ತಾರೆ. ಬಹುತೇಕ ಚಿಮಣಿಗಳ ಬಾಯಿ 6 ಇಂಚು ಅಗಲ. ಪೈಪು ಕೂಡ ಗೋಡೆಯಾಚೆಯವರೆಗೂ 6 ಇಂಚೇ ಇರಬೇಕು. ‘ಹಳೇ ಎಕ್ಸಾಸ್ಟ್ ತೂತು ಇದೆಯಲ್ಲ, ಅದಕ್ಕೇ ರೆಡ್ಯೂಸರ್ ಹಾಕಿಬಿಡೋಣ’ ಅಂತ ಫಿಟ್ಟರ್ ಹೇಳಿದರೆ ಒಪ್ಪಬೇಡಿ. ರೆಡ್ಯೂಸರ್ ಅಂದರೆ ದಪ್ಪ ಪೈಪನ್ನು ಸಣ್ಣ ಪೈಪಿಗೆ ಸೇರಿಸುವ ತುಂಡು. 6 ಇಂಚಿನಿಂದ 4 ಇಂಚಿಗೆ ಇಳಿದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಷ್ಟೇ ಗಾಳಿ ಹೋಗಬೇಕಾದರೆ ಅದು ಎರಡೂಕಾಲು ಪಟ್ಟು ವೇಗದಲ್ಲಿ ನುಗ್ಗಬೇಕು. ಆ ನುಗ್ಗಾಟವೇ ನಿಮಗೆ ‘ಉಸ್ಸ್’ ಅಂತ ಕೇಳಿಸುವುದು.

ನಮ್ಮ ಮನೆಯಲ್ಲಿ ಮೊದಲ ಸಲ ಆದದ್ದೂ ಇದೇ. 4 ಇಂಚಿನ ತೂತು, ಅದಕ್ಕೊಂದು ರೆಡ್ಯೂಸರ್, ಅದರ ಹಿಂದೆ ಅಟ್ಟದ ಹಲಗೆಗೆ ಒತ್ತಿ ಚಪ್ಪಟೆಯಾದ ಅಲ್ಯೂಮಿನಿಯಂ ಪೈಪು. ಎರಡು ವರ್ಷ ಮೋಟಾರನ್ನೇ ಬೈದುಕೊಂಡಿದ್ದೆವು. ತೂತು ದೊಡ್ಡದು ಮಾಡಿಸಿ, ಗಟ್ಟಿ ಪೈಪು ಹಾಕಿಸಿದ ದಿನ ಅದೇ ಹಳೇ ಚಿಮಣಿಯ ಕೆಳಗೆ ನಿಂತು ಫೋನಿನಲ್ಲಿ ಮಾತಾಡಲು ಆಯಿತು.

ಪೈಪಿನ ದಾರಿ ನೋಡುವಾಗ ಇವನ್ನು ಗಮನಿಸಿ:

- ದಾರಿ ಗಿಡ್ಡವಾದಷ್ಟೂ ಒಳ್ಳೆಯದು. ಹತ್ತು ಅಡಿ ದಾಟದಿದ್ದರೆ ಚೆನ್ನ.
- ಪ್ರತಿ ತಿರುವೂ ಎಳೆತವನ್ನು ತಿನ್ನುತ್ತದೆ. ಎರಡಕ್ಕಿಂತ ಹೆಚ್ಚು ತಿರುವು ಬೇಡ. ಮೂಲೆಯಲ್ಲಿ ಚೌಕ ಮುರಿಯುವ ಎಲ್ಬೋ ಬದಲು ನಿಧಾನವಾಗಿ ಬಾಗುವ ಬೆಂಡ್ ಹಾಕಿಸಿ, ಇಲ್ಲವೇ 45 ಡಿಗ್ರಿಯ ಎರಡು ತುಂಡು ಸೇರಿಸಿ.
- ಮಡಿಕೆ ಮಡಿಕೆಯಾದ ಅಲ್ಯೂಮಿನಿಯಂ ಪೈಪು ಅಗ್ಗ, ಹೇಗೆ ಬೇಕಾದರೂ ಬಾಗುತ್ತದೆ. ಆದರೆ ಆ ಮಡಿಕೆಗಳಿಗೆ ಗಾಳಿ ತಾಗಿ ಸದ್ದು, ಅಲ್ಲೇ ಜಿಡ್ಡೂ ಕೂರುತ್ತದೆ. ಒಳಮೈ ನುಣುಪಾದ ಗಟ್ಟಿ ಪೈಪು ಹಾಕಿಸಿ. ಅಲ್ಯೂಮಿನಿಯಂ ಪೈಪೇ ಗತಿ ಅಂದರೆ ಅದನ್ನು ಪೂರ್ತಿ ಬಿಗಿಯಾಗಿ ಎಳೆದು, ಉಳಿದದ್ದನ್ನು ಕತ್ತರಿಸಿ ಹಾಕಿಸಿ. ಅಕಾರ್ಡಿಯನ್ ಥರ ಕುಗ್ಗಿಸಿ ಅಟ್ಟದಲ್ಲಿ ತುರುಕುವುದು ಬೇಡ.
- ಪೈಪು ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ. ಮಳೆನೀರು ಒಳಗೆ ಹರಿಯುವುದಿಲ್ಲ.

ವಾಸ್ತು ಪ್ರಕಾರ ಆಗ್ನೇಯ ಮೂಲೆಯಲ್ಲಿ ಅಡುಗೆಮನೆ, ಪೂರ್ವದ ಗೋಡೆಗೆ ಒಲೆ ಅಂತ ಕಟ್ಟಿಸಿದ್ದರೆ ನಿಮ್ಮ ಕೆಲಸ ಸುಲಭ. ಪೈಪು ಪೂರ್ವದ ಗೋಡೆಯಿಂದ ನೇರ ಹೊರಗೆ ಹೋಗುತ್ತದೆ. ನಮ್ಮ ಕಡೆ ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದ. ಪೈಪಿನ ಬಾಯಿ ಪಶ್ಚಿಮಕ್ಕಿದ್ದರೆ ಆ ದಿನಗಳಲ್ಲಿ ಗಾಳಿ ಎದುರಿನಿಂದ ತಳ್ಳುತ್ತದೆ, ಒಳಗಿನ ಫ್ಲಾಪ್ ರಾತ್ರಿಯಿಡೀ ಪಟಪಟ ಬಡಿದುಕೊಳ್ಳುತ್ತದೆ. ಫ್ಲಾಪ್ ಅಂದರೆ ಹೊರಗಿನ ಗಾಳಿ ಒಳಗೆ ಬರದಂತೆ ತಡೆಯುವ ತೆಳು ರೆಕ್ಕೆ. ಪಶ್ಚಿಮವೇ ಗತಿಯಾದರೆ ಹೊರಬಾಯಿಗೆ ಕೆಳಮುಖದ ಮುಚ್ಚಳ ಹಾಕಿಸಿ.

ಒಂದು ಎಚ್ಚರಿಕೆ. ಮನೆಯ ಮೂಲೆಗಳಲ್ಲೇ ಪಿಲ್ಲರ್ ಇರುತ್ತದೆ, ಮೇಲೆ ಬೀಮ್ ಇರುತ್ತದೆ. ಇವೆರಡನ್ನೂ ಕೊರೆಯಬಾರದು. ಕಿಟಕಿಯ ಲಿಂಟಲ್‌ಗಿಂತ ಮೇಲೆ, ಬೀಮ್‌ಗಿಂತ ಕೆಳಗೆ, ಬ್ಲಾಕ್ ಗೋಡೆ ಇರುವ ಕಡೆ ಗುರುತು ಮಾಡಿ. ಉಳಿ ಸುತ್ತಿಗೆಯಲ್ಲಿ ಒಡೆಸಿದರೆ ಗೋಡೆ ಬಿರುಕು ಬಿಡುತ್ತದೆ, ತೂತು ಕೊಂಕಾಗುತ್ತದೆ. ಕೋರ್ ಕಟಿಂಗ್ ಮಾಡುವವರನ್ನು ಕರೆಸಿ. ಅವರ ಯಂತ್ರ ಬಳೆ ಕತ್ತರಿಸಿದ ಹಾಗೆ ದುಂಡಗೆ ಕೊರೆಯುತ್ತದೆ.

ಬಾಡಿಗೆ ಮನೆಯವರಿಗೆ ಗೋಡೆ ಕೊರೆಯಲು ಓನರ್ ಒಪ್ಪುವುದಿಲ್ಲ, ಅಲ್ವಾ? ವೆಂಟಿಲೇಟರ್‌ನ ಒಂದು ಗಾಜು ತೆಗೆದು, ಆ ಜಾಗಕ್ಕೆ 6 ಇಂಚಿನ ತೂತಿರುವ ತಗಡು ಕೂರಿಸಿ ಪೈಪು ಹೊರಡಿಸಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರೆ ಆಯಿತು.

ಪೈಪು ಪಕ್ಕದ ಮನೆಯ ಸಂದಿಗೆ ತೆರೆಯುವುದಾದರೆ ಅವರ ಮಲಗುವ ಕೋಣೆಯ ಕಿಟಕಿ ಎಲ್ಲಿದೆ ನೋಡಿ. ಎರಡಡಿ ಸಂದಿಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ದೊಡ್ಡದಾಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ (ಸದ್ದಿನ ಅಳತೆ) ಅನ್ನುವುದು 2000ದ ಶಬ್ದಮಾಲಿನ್ಯ ನಿಯಮದಲ್ಲಿರುವ ಮಿತಿ. ನಿಯಮ ಹಾಗಿರಲಿ, ಬೆಳಗ್ಗೆ ಐದಕ್ಕೆ ನಿಮ್ಮ ಒಗ್ಗರಣೆಯ ಹೊಗೆ ಅವರ ದಿಂಬಿನ ಹತ್ತಿರ ಹೋದರೆ ಮಾತು ಬಂದೇ ಬರುತ್ತದೆ.

3. ಎಷ್ಟು ಎಳೆತ ಬೇಕು, ಲೆಕ್ಕ ಹಾಕಿ

ಡಬ್ಬದ ಮೇಲೆ 1000, 1200, 1500 ಅಂತ ದೊಡ್ಡದಾಗಿ ಬರೆದಿರುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ ಅದು. ಇದಕ್ಕೇ ಸಕ್ಷನ್ ಅನ್ನುತ್ತಾರೆ.

ನಿಮ್ಮ ಅಡುಗೆಮನೆ 8 ಅಡಿಗೆ 10 ಅಡಿ, ಎತ್ತರ 10 ಅಡಿ ಅನ್ನೋಣ. ಗುಣಿಸಿದರೆ 800 ಘನ ಅಡಿ. ಅದನ್ನು 35.3ರಿಂದ ಭಾಗಿಸಿದರೆ ಸುಮಾರು 22.7 ಘನ ಮೀಟರ್. ಗಂಟೆಗೆ 12 ಸಲ, ಅಂದರೆ ಐದು ನಿಮಿಷಕ್ಕೊಮ್ಮೆ ಕೋಣೆಯ ಗಾಳಿ ಬದಲಾಗಬೇಕು ಅಂದರೆ 272 ಸಾಕು. ನಮ್ಮದು ಒಗ್ಗರಣೆಯ ಅಡುಗೆ. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತೇವೆ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಗಂಟೆಗಟ್ಟಲೆ ಕುದಿಯುತ್ತದೆ, ಭಾನುವಾರ ಬಾಡೂಟ. ಹಾಗಾಗಿ ಮೂರು ನಿಮಿಷಕ್ಕೊಮ್ಮೆ ಅಂತ 20ರಿಂದ ಗುಣಿಸಿ. ಬಂದದ್ದು ಸುಮಾರು 450.

ಹಾಗಾದರೆ 1200 ಯಾಕೆ? ಡಬ್ಬದ ಸಂಖ್ಯೆ ಸಾಮಾನ್ಯವಾಗಿ ಅತಿ ಜೋರು ಸ್ಪೀಡಿನದು. ಪೈಪು, ತಿರುವು, ಮುಚ್ಚಳ ಎಲ್ಲ ಸೇರಿದ ಮೇಲೆ ನಿಮಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದ ಹಾಗೆ ಅನಿಸುತ್ತದೆ. ಅಂದರೆ ಶಕ್ತಿ ಇರುವ ಚಿಮಣಿ ತಗೊಂಡು ಸಣ್ಣ ಸ್ಪೀಡಿನಲ್ಲಿ ಓಡಿಸುವುದು, ಸಣ್ಣ ಚಿಮಣಿ ತಗೊಂಡು ಕುತ್ತಿಗೆ ಹಿಸುಕಿ ಓಡಿಸುವುದಕ್ಕಿಂತ ನಿಶ್ಶಬ್ದ. ಸದ್ದು ಬೇಡ ಅಂತ ಕಡಿಮೆ ಸಕ್ಷನ್‌ನದು ತಗೊಳ್ಳುವವರು ಎಡವುವುದು ಇಲ್ಲೇ.

ಇಂಥ ಅಡುಗೆಮನೆಗೆ 1000ರಿಂದ 1200 ಸಾಕು. ಹಾಲ್‌ಗೆ ತೆರೆದುಕೊಂಡಿದ್ದರೆ ಇನ್ನೂ ಸ್ವಲ್ಪ ಮೇಲಿನದು ನೋಡಿ. ಪೈಪಿನ ದಾರಿ ಸರಿಯಿಲ್ಲದೆ 1500 ತಂದರೆ ಮಾತ್ರ ದುಡ್ಡು ಕೊಟ್ಟು ಸದ್ದು ಕೊಂಡ ಹಾಗೆ.

4. ಡೆಸಿಬೆಲ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ

ಸದ್ದಿನ ಅಳತೆ ಡೆಸಿಬೆಲ್. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60. ಜಾಹೀರಾತಿನಲ್ಲಿ 58 ಅಂತ ಕಂಡರೆ ಮೂರು ಪ್ರಶ್ನೆ ಕೇಳಿ: ಯಾವ ಸ್ಪೀಡಿನಲ್ಲಿ? ಎಷ್ಟು ದೂರದಿಂದ? ಪೈಪು ಸೇರಿಸಿಯೋ ಸೇರಿಸದೆಯೋ?

ಇನ್ನೊಂದು ಗೊಂದಲವೂ ಉಂಟು. ಯಂತ್ರ ಒಟ್ಟು ಹೊರಡಿಸುವ ಸದ್ದನ್ನು ಅಳೆಯುವುದು ಒಂದು ಬಗೆ, ಒಂದು ದೂರದಲ್ಲಿ ನಿಂತವರ ಕಿವಿಗೆ ಬೀಳುವ ಸದ್ದನ್ನು ಅಳೆಯುವುದು ಇನ್ನೊಂದು ಬಗೆ. ಮೊದಲನೆಯ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಪ್ರಾಮಾಣಿಕವಾಗಿ 65 ಬರೆದ ಕಂಪನಿ, ಜಾಣತನದಿಂದ 57 ಬರೆದ ಕಂಪನಿಗಿಂತ ಜೋರಾಗಿರಬೇಕು ಅಂತೇನಿಲ್ಲ. ಅಳೆದ ಬಗೆ ಒಂದೇ ಆಗಿದ್ದಾಗ ಮಾತ್ರ ಹೋಲಿಸಿ. ಎರಡು ಮೂರು ಡೆಸಿಬೆಲ್ ವ್ಯತ್ಯಾಸಕ್ಕೆ ಮೂರ್ನಾಲ್ಕು ಸಾವಿರ ಜಾಸ್ತಿ ಕೊಡುವುದು ದಂಡ. ಆ ದುಡ್ಡಿನಲ್ಲಿ ಒಳ್ಳೆ ಪೈಪು ಹಾಕಿಸಿ.

5. ಫಿಲ್ಟರ್, ಮೋಟಾರ್

ಫಿಲ್ಟರ್ ಅಂದರೆ ಜಿಡ್ಡು ಹಿಡಿಯುವ ಜಾಲರಿ. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಕ್ಯಾಸೆಟ್ ಫಿಲ್ಟರ್ ಅಲ್ಯೂಮಿನಿಯಂ ಬಲೆಯ ಪದರಗಳದ್ದು. ಬೆಲೆ ಕಡಿಮೆ. ಆದರೆ ನಮ್ಮ ಅಡುಗೆಗೆ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡಷ್ಟೂ ಸದ್ದು. ನನ್ನ ಮಟ್ಟಿಗೆ ಇದು ಬೇಡ.

ಬ್ಯಾಫಲ್ ಫಿಲ್ಟರ್ ಬಾಗಿದ ಸ್ಟೀಲ್ ಪಟ್ಟಿಗಳದ್ದು. ಗಾಳಿ ತಿರುಗಿ ತಿರುಗಿ ಹೋಗುವಾಗ ಜಿಡ್ಡು ಪಟ್ಟಿಗೆ ಅಂಟಿ ಕೆಳಗಿಳಿಯುತ್ತದೆ. ಬಿಚ್ಚಿ ತೊಳೆಯುವುದು ಸುಲಭ.

ಫಿಲ್ಟರ್ ಇಲ್ಲದ ಮಾದರಿಯಲ್ಲಿ ಗಾಳಿಗೆ ಅಡ್ಡಿ ಕಡಿಮೆ, ತೊಳೆಯುವ ಕೆಲಸವೂ ಕಡಿಮೆ. ಜಿಡ್ಡು ಒಳಗಿನ ಬ್ಲೋವರ್‌ಗೆ, ಅಂದರೆ ಗಾಳಿ ಎಳೆಯುವ ಚಕ್ರಕ್ಕೆ ಹೋಗಿ, ಅಲ್ಲಿಂದ ಎಣ್ಣೆ ಬಟ್ಟಲಿಗೆ ಇಳಿಯುತ್ತದೆ. ಇದರಲ್ಲಿ ಆಟೋ ಕ್ಲೀನ್ ಇರಲೇಬೇಕು. ಬಿಸಿಯಿಂದ ಜಿಡ್ಡು ಕರಗಿಸುವ ವ್ಯವಸ್ಥೆ ಅದು. ಆಟೋ ಕ್ಲೀನ್ ಅಂದರೆ ಜನ್ಮದಲ್ಲಿ ಮುಟ್ಟಬೇಕಾಗಿಲ್ಲ ಅಂದುಕೊಳ್ಳಬೇಡಿ. ಬಟ್ಟಲು ನೀವೇ ಖಾಲಿ ಮಾಡಬೇಕು.

ಮೋಟಾರ್ ವಿಷಯಕ್ಕೆ ಬಂದರೆ, ಈಗ ಬಿಎಲ್‌ಡಿಸಿ ಅನ್ನುವುದು ಬಂದಿದೆ. ಕರೆಂಟ್ ಉಳಿಸುವ ಹೊಸ ಸೀಲಿಂಗ್ ಫ್ಯಾನುಗಳಲ್ಲಿರುವುದೂ ಇದೇ ಮೋಟಾರ್. ಇದರಲ್ಲಿ ಗೊರ್ ಅನ್ನುವ ಸದ್ದು ಕಡಿಮೆ, ವಿದ್ಯುತ್ತೂ ಕಡಿಮೆ. ಸ್ಪೀಡಿನ ಮೆಟ್ಟಿಲುಗಳು ಹೆಚ್ಚಿರುವ ಮಾದರಿಗಳೂ ಸಿಗುತ್ತವೆ, ಸಣ್ಣ ಮನೆಗೆ ಅದೇ ದೊಡ್ಡ ಲಾಭ. ಕೈ ಬೀಸಿದರೆ ಆನ್ ಆಗುವ ಸೌಲಭ್ಯಕ್ಕೆ ಮಾತ್ರ ನಾನು ಒಂದು ರೂಪಾಯಿಯೂ ಜಾಸ್ತಿ ಕೊಡುವುದಿಲ್ಲ. ಮುದ್ದೆ ಕೂಡಿಸುವಾಗ ಕೈ ಎಲ್ಲೆಲ್ಲೋ ಹೋಗುತ್ತದೆ.

ಪೈಪೇ ಬೇಡದ ಚಿಮಣಿಯೂ ಇದೆ. ಇದ್ದಿಲಿನ ಫಿಲ್ಟರ್ ವಾಸನೆ ಹೀರಿ ಅದೇ ಗಾಳಿಯನ್ನು ಮತ್ತೆ ಕೋಣೆಗೆ ಬಿಡುತ್ತದೆ. ಬಿಸಿ, ಹಬೆ ಎರಡೂ ಒಳಗೇ ಉಳಿಯುತ್ತವೆ. ಇದ್ದಿಲನ್ನು ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಲೇ ಇರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

6. ಅಂಗಡಿಯಲ್ಲಿ

ಎಂ.ಜಿ. ರಸ್ತೆಯಲ್ಲಾಗಲಿ, ಬಿ.ಎಚ್. ರಸ್ತೆಯಲ್ಲಾಗಲಿ, ಓಡಿಸಿ ತೋರಿಸುವ ಅಂಗಡಿಗೇ ಹೋಗಿ. ಟ್ರಾಫಿಕ್ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೆಯದು. ಸಂಜೆ ಹೋದರೆ ಹೊರಗಿನ ಹಾರ್ನ್ ಸದ್ದಿನಲ್ಲಿ ಎಲ್ಲ ಚಿಮಣಿಯೂ ಮೆತ್ತಗೇ ಕೇಳುತ್ತದೆ.

ಎಲ್ಲ ಸ್ಪೀಡಿನಲ್ಲೂ ಒಂದೊಂದು ನಿಮಿಷ ಓಡಿಸಿ. ಫೋನಿನ ಸದ್ದು ಅಳೆಯುವ ಆ್ಯಪ್‌ನ ಸಂಖ್ಯೆ ನಿಖರವಲ್ಲ. ಅದೇ ಜಾಗದಲ್ಲಿ ನಿಂತು ಎರಡು ಮಾಡೆಲ್ ಹೋಲಿಸಲು ಸಾಕು. ಅದಕ್ಕಿಂತ ನಿಮ್ಮ ಕಿವಿ ನಂಬಿ. ‘ಉಸ್ಸ್’ ಅಂತ ಒಂದೇ ಸಮ ಇದ್ದರೆ ಅದು ಗಾಳಿಯ ಸದ್ದು, ತಡೆದುಕೊಳ್ಳಬಹುದು. ‘ಗುಂಯ್’ ಅಂತ ಒಂದೇ ರಾಗ ಎಳೆದರೆ ಮೋಟಾರಿನದು. ದಿನಾ ಕೇಳಿದರೆ ತಲೆ ತಿನ್ನುತ್ತದೆ. ‘ಕಟಕಟ’ ಅಂದರೆ ತಗಡಿನ ಮೇಲೆ ಅಂಗೈ ಒತ್ತಿ ನೋಡಿ. ಸದ್ದು ನಿಂತರೆ ತಗಡು ತೆಳುವಾಗಿದೆ ಅಂತ ಅರ್ಥ.

ಬಿಲ್ ಮಾಡಿಸುವ ಮೊದಲು ಬರೆಸಿಕೊಳ್ಳಿ: ಕೂರಿಸುವ ಖರ್ಚು ಎಷ್ಟು, ಪೈಪು ಸೇರಿದೆಯೋ ಬೇರೆಯೋ, ತುಮಕೂರಿಗೇ ಸರ್ವಿಸ್‌ನವರು ಬರುತ್ತಾರೋ ಬೆಂಗಳೂರಿನಿಂದ ಬರಬೇಕೋ. ಮೋಟಾರಿಗೆ ಹೇಳುವ ವಾರಂಟಿ ಬೇರೆ, ಉಳಿದ ಭಾಗಕ್ಕೆ ಬೇರೆ. ಎರಡನ್ನೂ ಕೇಳಿ.

7. ಕೂರಿಸುವ ದಿನ ಮನೆಯಲ್ಲೇ ಇರಿ

ಹಾಲೋ ಬ್ಲಾಕ್ ಗೋಡೆಯಾದರೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಿಡಿಯುವುದಿಲ್ಲ. ಒಳಗೆ ಟೊಳ್ಳು. ಅದಕ್ಕೆಂದೇ ಸಿಗುವ ಆ್ಯಂಕರ್ ಹಾಕಿಸಿ. ಚಿಮಣಿಗೂ ಗೋಡೆಗೂ ನಡುವೆ ರಬ್ಬರ್ ವಾಷರ್ ಇರಲಿ. ಇಲ್ಲದಿದ್ದರೆ ಮೋಟಾರಿನ ನಡುಕ ಗೋಡೆಗೆ ಇಳಿದು, ಗೋಡೆಯೇ ತಮಟೆಯಾಗುತ್ತದೆ. ಲೆವೆಲ್ ಹಿಡಿದು ನೋಡಿಸಿ. ಅರ್ತಿಂಗ್ ಇರುವ ಪ್ಲಗ್ ಪಾಯಿಂಟ್ ಮೊದಲೇ ಮಾಡಿಸಿಟ್ಟಿರಿ, ಅದು ಪೈಪಿನ ಹಿಂದೆ ಸಿಕ್ಕಿಕೊಳ್ಳದ ಜಾಗದಲ್ಲಿರಲಿ.

ಹೊರಬಾಯಿಗೆ ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿಸಬೇಡಿ. ಒಂದೆರಡು ತಿಂಗಳಲ್ಲಿ ಜಿಡ್ಡು ತುಂಬಿ ಮುಚ್ಚಿಹೋಗುತ್ತದೆ. ಪಾರಿವಾಳ ಬರದಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು.

ಫಿಟ್ಟರ್ ಹೊರಡುವ ಮೊದಲು ಒಂದು ಪರೀಕ್ಷೆ. ಅರ್ಧ ಹಾಳೆ ದಿನಪತ್ರಿಕೆ ಹರಿದು, ಒಲೆ ಆರಿಸಿ, ಸಣ್ಣ ಸ್ಪೀಡಿನಲ್ಲಿ ಓಡುವ ಚಿಮಣಿಯ ಕೆಳಗೆ ಹಿಡಿಯಿರಿ. ಹಾಳೆ ಅಂಟಿಕೊಂಡು ನಿಂತರೆ ಪೈಪಿನ ದಾರಿ ಸರಿಯಿದೆ. ಬಿದ್ದರೆ ಎಲ್ಲೋ ಹಿಸುಕಿದೆ, ಬಿಚ್ಚಿಸಿ ನೋಡಿಸಿ.

8. ಓಡಿಸುವ ಕ್ರಮ

ಒಲೆ ಹಚ್ಚುವ ಎರಡು ನಿಮಿಷ ಮೊದಲೇ ಸಣ್ಣ ಸ್ಪೀಡಿನಲ್ಲಿ ಹಾಕಿ. ಗಾಳಿ ಮೇಲಕ್ಕೆ ಹರಿಯಲು ಶುರುವಾಗಿರುತ್ತದೆ, ಹೊಗೆ ತಾನಾಗಿ ಆ ದಾರಿ ಹಿಡಿಯುತ್ತದೆ. ಹೊಗೆ ತುಂಬಿದ ಮೇಲೆ ಜೋರು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಒಗ್ಗರಣೆಗೆ ಮಾತ್ರ ಒಂದು ನಿಮಿಷ ಏರಿಸಿ, ಇಳಿಸಿ. ಅಡುಗೆ ಮುಗಿದ ಮೇಲೂ ಐದು ನಿಮಿಷ ಓಡಲಿ.

ಒಲೆಯ ಪಕ್ಕದ ಕಿಟಕಿ ಮುಚ್ಚಿ, ದೂರದ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಡಿ. ಒಳಗೆ ಗಾಳಿ ಬಂದರಷ್ಟೇ ಹೊರಗೆ ಹೋಗಲು ಸಾಧ್ಯ. ಎಲ್ಲ ಮುಚ್ಚಿದರೆ ಚಿಮಣಿ ತಿಣುಕುತ್ತದೆ, ಬಾಗಿಲ ಸಂದಿಯಲ್ಲಿ ಶಿಳ್ಳೆ ಬೇರೆ.

ಇಲ್ಲೊಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದು, ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದರೆ, ಚಿಮಣಿಯ ಎಳೆತಕ್ಕೆ ಗೀಸರಿನ ಹೊಗೆ ಹೊರಗೆ ಹೋಗದೆ ಮನೆಯೊಳಗೇ ಬರಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಗೀಸರ್ ಓಡುವಾಗ ಚಿಮಣಿ ಹಾಕಲೇಬೇಡಿ.

ಬ್ಯಾಫಲ್ ಫಿಲ್ಟರನ್ನು ಎರಡು ಮೂರು ವಾರಕ್ಕೊಮ್ಮೆ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ, ಒಣಬಟ್ಟೆಯಲ್ಲಿ ಒರೆಸಿ. ಅಲ್ಯೂಮಿನಿಯಂ ಜಾಲರಿಗೆ ಕಾಸ್ಟಿಕ್ ಸೋಡಾ ತಾಗಿಸಬೇಡಿ, ಲೋಹವನ್ನೇ ತಿನ್ನುತ್ತದೆ. ಆಟೋ ಕ್ಲೀನ್ ಒತ್ತುವಾಗ ಒಲೆ ಆರಿರಲಿ.

ಆರೇಳು ತಿಂಗಳಾದ ಮೇಲೆ ಸದ್ದು ಏರಿದರೆ ಮೊದಲು ಫಿಲ್ಟರ್ ಬಿಚ್ಚಿ ಓಡಿಸಿ ನೋಡಿ. ಸದ್ದು ಇಳಿದರೆ ತೊಳೆದರೆ ಸಾಕು. ಇಳಿಯದಿದ್ದರೆ ಹೊರಗೆ ಹೋಗಿ ಮುಚ್ಚಳ ನೋಡಿ, ಫ್ಲಾಪ್ ಜಿಡ್ಡಿಗೆ ಅಂಟಿಕೊಂಡಿರಬಹುದು, ಹಕ್ಕಿ ಗೂಡು ಕಟ್ಟಿರಬಹುದು. ಎರಡೂ ಸರಿಯಿದ್ದು ಇನ್ನೂ ಗೊರಗೊರ ಅನ್ನುತ್ತಿದ್ದರೆ ಬ್ಲೋವರಿನ ಒಂದು ಕಡೆ ಜಿಡ್ಡು ಗಟ್ಟಿಯಾಗಿ ತೂಕ ತಪ್ಪಿರಬಹುದು. ಅದನ್ನು ನೀವೇ ಬಿಚ್ಚಲು ಹೋಗಬೇಡಿ. ವಾರಂಟಿ ಕಾರ್ಡ್ ಹುಡುಕಿ, ಸರ್ವಿಸ್‌ನವರಿಗೆ ಫೋನ್ ಮಾಡಿ.